ಕ್ರಾಸಿಂಗ್ ಐತೇನ್ರಿ?

ಕೊಪ್ಪಳ ಬಿಟ್ಟು ಗದಗಿನ ಕಡೆ ಹೊರಟರೆ ಭಾನಾಪುರ, ತಳಕಲ್, ಬನ್ನಿಕೊಪ್ಪ ಅಂತ ಸಾಲಾಗಿ ಸಣ್ಣ ಸ್ಟೇಷನ್‌ಗಳು ಬರುತ್ತವೆ. ಅವುಗಳಲ್ಲಿ ಒಂದು ನಮ್ಮದು. ಯಾವುದು ಅಂತ ಹೇಳುವುದಿಲ್ಲ. ಹೇಳಿದರೂ ನೀವೇನು ಇಳಿಯುವವರಲ್ಲ, ಅಲ್ವಾ? ನಿಮ್ಮ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲುವುದೇ ಇಲ್ಲ.

ಮೊದಲು ನಿಲ್ಲುತ್ತಿತ್ತು. ನಮ್ಮ ಮೇಲಿನ ಪ್ರೀತಿಗೇನೂ ಅಲ್ಲ. ಎದುರಿನಿಂದ ಇನ್ನೊಂದು ಗಾಡಿ ಬರುತ್ತಿತ್ತು, ಇದ್ದದ್ದು ಒಂದೇ ಹಳಿ. ಒಂದು ಗಾಡಿ ಪಕ್ಕದ ಲೈನಿಗೆ ಸರಿದು ಇನ್ನೊಂದಕ್ಕೆ ದಾರಿ ಬಿಡಬೇಕು. ಅದೇ ಕ್ರಾಸಿಂಗ್. ಟೈಮ್ ಟೇಬಲ್‌ನಲ್ಲಿ ನಮ್ಮೂರಿನ ಹೆಸರೇ ಇಲ್ಲದ ಗಾಡಿಯೂ ಹತ್ತು ಹದಿನೈದು ನಿಮಿಷ ನಮ್ಮ ಬೇವಿನ ಮರದ ಪಕ್ಕ ಉಸ್ಸಂತ ನಿಂತಿರುತ್ತಿತ್ತು. ಹುಬ್ಬಳ್ಳಿಗೆ ಹೊರಟವರು ಮೊದಲು ಟಿಕೆಟ್ ಕೇಳುತ್ತಿರಲಿಲ್ಲ.

"ಮಾಸ್ತರ್ರ, ಇವತ್ತ ಕ್ರಾಸಿಂಗ್ ಐತೇನ್ರಿ?"

"ಐತಿ ಬಿಡವಾ. ಲಗೂನ ಹತ್ತು. ನಾ ನೋಡಿಲ್ಲ."

ನಿಜ ಹೇಳಬೇಕೆಂದರೆ ಈ ಸ್ಟೇಷನ್ ನಮಗಾಗಿ ಹುಟ್ಟಿದ್ದೇ ಅಲ್ಲ. 1876ರಿಂದ 78ರ ತನಕ ದೊಡ್ಡ ಬರ ಬಿತ್ತು. ಹಿರಿಯರ ಬಾಯಲ್ಲಿ ಅದು ಧಾತು-ಈಶ್ವರ ಬರ. ಬಳ್ಳಾರಿ ಸೀಮೆಯಂತೂ ನೆಲಕಚ್ಚಿತು. ರೈಲು ಮುಟ್ಟುವ ಊರಿನ ತನಕ ಕಾಳು ಬರುತ್ತಿತ್ತು, ಅಲ್ಲಿಂದ ಮುಂದೆ ಬಂಡಿ ಎಳೆಯಲು ಎತ್ತೇ ಉಳಿದಿರಲಿಲ್ಲ. ಆಮೇಲೆ ಸರ್ಕಾರಕ್ಕೆ ಬುದ್ಧಿ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಈ ಕಡೆಯೂ ಮೀಟರ್ ಗೇಜ್ ಹಳಿ ಬಿತ್ತು. ಊರು ನಿಜಾಮನದು, ಹಳಿ ಕಂಪನಿಯದು. ಉಗಿ ಎಂಜಿನ್ನಿಗೆ ಅಲ್ಲಲ್ಲಿ ನೀರು ಬೇಕು, ಗಾಡಿ ಗಾಡಿ ದಾಟಲು ಜಾಗ ಬೇಕು. ಹಾಗಾಗಿ ಕೆಲವು ಮೈಲಿಗೊಂದು ಸ್ಟೇಷನ್. ಊರು ಪಕ್ಕದಲ್ಲಿದ್ದದ್ದು ನಮ್ಮ ಪುಣ್ಯ.

ಸಣ್ಣವನಿದ್ದಾಗ ನಾನು ಸ್ಟೇಷನ್ನಿಗೆ ಹೋಗುತ್ತಿದ್ದುದು ಚೆಂಡು ನೋಡಲು. ಮಾಸ್ತರರ ಕೋಣೆಯಲ್ಲಿ ಒಂದು ಕೆಂಪು ಪೆಟ್ಟಿಗೆ ಇತ್ತು. ಅಂಥದ್ದೇ ಇನ್ನೊಂದು ಮುಂದಿನ ಸ್ಟೇಷನ್‌ನಲ್ಲಿ. ಗಾಡಿ ಬಿಡಲೇನು ಅಂತ ಇವರು ಗಂಟೆ ಹೊಡೆದು ಕೇಳಬೇಕು, ಅವರು ಒಪ್ಪಬೇಕು. ಆಗ ಪೆಟ್ಟಿಗೆಯಿಂದ ಪೇರಲಕಾಯಿ ಗಾತ್ರದ ಲೋಹದ ಚೆಂಡು ಟಣ್ ಅಂತ ಉರುಳಿ ಬರುತ್ತಿತ್ತು. ಒಂದು ಚೆಂಡು ಹೊರಗಿದ್ದರೆ ಎರಡೂ ಕಡೆ ಇನ್ನೊಂದು ಬರುವಂತಿಲ್ಲ. ಚೆಂಡು ಕೈಗೆ ಬರದೆ ಡ್ರೈವರ್ ಗಾಡಿ ಮುಂದೆ ಬಿಡುವಂತಿಲ್ಲ. ಎಷ್ಟು ಸರಳ ನೋಡಿ! ನಿಲ್ಲದ ಗಾಡಿ ಬಂದರೆ ಆ ಚೆಂಡನ್ನು ತೊಗಲಿನ ಚೀಲಕ್ಕೆ ಹಾಕಿ, ಚೀಲಕ್ಕೆ ದೊಡ್ಡ ಬೆತ್ತದ ಬಳೆ ಕಟ್ಟಿ, ಪಾಯಿಂಟ್ಸ್‌ಮನ್ ಅದನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದ. ಎಂಜಿನ್‌ನಿಂದ ಒಂದು ತೋಳು ಹೊರಬಂದು ಬಳೆಯೊಳಗೆ ತೂರುತ್ತಿತ್ತು. ಹಿಂದಿನ ಸ್ಟೇಷನ್ನಿನ ಬಳೆ ದಪ್ಪಂತ ನಮ್ಮ ಮಣ್ಣಿಗೆ ಬೀಳುತ್ತಿತ್ತು. ಅದನ್ನು ಎತ್ತಿಕೊಡಲು ನಮ್ಮೊಳಗೇ ಜಗಳ.

1990ರ ದಶಕದಲ್ಲಿ ಹಳಿ ಅಗಲವಾಯಿತು. ಒಂದು ಮೀಟರ್ ಇದ್ದದ್ದು 1,676 ಮಿಲಿಮೀಟರ್ ಆಯಿತು. ಆಮೇಲೆ ಕರೆಂಟ್ ತಂತಿ ಬಂತು, ಜೋಡಿ ಹಳಿ ಬಂತು. ಪ್ಲಾಟ್‌ಫಾರ್ಮ್ ಎತ್ತರವಾಯಿತು, ದೀಪ ಹತ್ತಿದವು. ಊರೆಲ್ಲ ಖುಷಿಪಟ್ಟಿತು, ನಾನೂ ಪಟ್ಟೆ. ಹೋಗುವುದಕ್ಕೊಂದು ಹಳಿ, ಬರುವುದಕ್ಕೊಂದು ಹಳಿ ಆದಮೇಲೆ ಯಾರು ಯಾರಿಗಾಗಿ ಕಾಯಬೇಕು? ಇದು ನಮ್ಮ ತಲೆಗೆ ಹೊಳೆದದ್ದು ತಡವಾಗಿ. ಈಗ ನಮಗೆ ಉಳಿದಿದ್ದು ಪ್ಯಾಸೆಂಜರ್ ಮಾತ್ರ. ಅದರ ಕನಿಷ್ಠ ದರ ಕೊರೊನಾ ಕಾಲದಲ್ಲಿ 10 ರೂಪಾಯಿಯಿಂದ 30ಕ್ಕೆ ಏರಿತ್ತು, 2024ರಲ್ಲಿ ಮತ್ತೆ 10ಕ್ಕೆ ಇಳಿಯಿತು. ಟಿಕೆಟ್ ಮೊಬೈಲ್‌ನಲ್ಲೇ ಸಿಗುತ್ತದೆ. ಇದನ್ನೂ ಹೇಳಿಬಿಡಬೇಕು, ಬರೀ ದೂರಿದರೆ ಹೇಗೆ?

ಹೋದ ತಿಂಗಳು ಊರಿಗೆ ಹೋಗಿದ್ದೆ. ಸಂಜೆ ಸುಮ್ನೆ ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಪೇರಲಹಣ್ಣು ಮಾರುವ ಅಜ್ಜಿ. ನಾನು ಚೆಂಡಿನ ಹಿಂದೆ ಓಡುತ್ತಿದ್ದ ಕಾಲಕ್ಕೂ ಇದ್ದಾಕೆ. ಆಗ ಕಿಟಕಿಯಿಂದ ಕಿಟಕಿಗೆ ಓಡಿ ಅರ್ಧ ಬುಟ್ಟಿ ಖಾಲಿ ಮಾಡುತ್ತಿದ್ದಳು. ದೂರದಲ್ಲಿ ಹಾರ್ನ್ ಕೇಳಿತು. ಅಜ್ಜಿ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ಸೆರಗು ಕಟ್ಟಿಕೊಂಡು ಎದ್ದು ನಿಂತಳು. ಎಕ್ಸ್‌ಪ್ರೆಸ್ ಬಂತು, ಧೂಳೆಬ್ಬಿಸಿತು, ಹೋಯಿತು. ಹಸಿರು ಬಾವುಟ ಸುತ್ತುತ್ತಾ ಒಳಗೆ ಹೊರಟಿದ್ದ ಹುಡುಗನನ್ನು ಅಜ್ಜಿ ಕೂಗಿ ಕೇಳಿದಳು:

"ಯಪ್ಪಾ, ಇವತ್ತೂ ಸಿಗ್ನಲ್ ಕೆಟ್ಟಿಲ್ಲೇನು?"