ಎರಡು ಎಕರೆಗೆ ನಾಲ್ವರು

ನನ್ನ ಊರು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿದೆ, ಬದುಕು ಕೊಯಮತ್ತೂರಿನಲ್ಲಿ. ಈ ಎರಡು ಸೀಮೆಗಳ ನಡುವೆ ನಡೆಯುವ ವ್ಯಾಪಾರ ನೋಡಿದಾಗಲೆಲ್ಲ ಸಂಕಟವಾಗುತ್ತದೆ. ದಾವಣಗೆರೆಯ ಮೆಕ್ಕೆಜೋಳ ಲಾರಿ ಹತ್ತಿ ನಾಮಕ್ಕಲ್ ಕಡೆಯ ಕೋಳಿ ಫಾರಂಗಳಿಗೆ ಬರುತ್ತದೆ. ಕೊಯಮತ್ತೂರಿನಲ್ಲಿ ಎರಕ ಹೊಯ್ದು ಜೋಡಿಸಿದ ಪಂಪುಗಳು ನಮ್ಮ ಕೊಳವೆಬಾವಿಗಳಿಗೆ ಇಳಿಯುತ್ತವೆ. ಕಾಳು ನಮ್ಮದು, ಕಾಳಿನಿಂದ ಹುಟ್ಟುವ ಕೆಲಸವೆಲ್ಲ ಅವರದು.

ಹೊಲದಲ್ಲಿ ಕೆಲಸವಿಲ್ಲವೆಂದು ನಮ್ಮೂರಲ್ಲಿ ಯಾರೂ ಹೇಳುವುದಿಲ್ಲ. ಬಿತ್ತನೆ, ಎಡೆಕುಂಟೆ, ಗೊಬ್ಬರ, ದೀಪಾವಳಿಯ ಹೊತ್ತಿಗೆ ತೆನೆ ಮುರಿಯುವುದು. ಆ ಕೆಲವು ವಾರ ಆಳು ಸಿಗದೆ ಪರದಾಡುತ್ತಾರೆ. ಉಳಿದ ತಿಂಗಳುಗಳಲ್ಲಿ ಮಳೆಯನ್ನೇ ನಂಬಿದ ಎರಡು ಎಕರೆಯ ಮೇಲೆ ಅಪ್ಪ, ಇಬ್ಬರು ಗಂಡುಮಕ್ಕಳು, ಸೊಸೆ ಎಲ್ಲರೂ ರೈತರೇ. ಒಬ್ಬರ ದುಡಿಮೆಯನ್ನು ನಾಲ್ವರು ಹಂಚಿಕೊಂಡಿರುತ್ತಾರೆ. ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲಿ ಗುರುತಿಸಿದ್ದು ಇಂಥ ಮನೆಗಳನ್ನೇ. ಒಬ್ಬ ಹೊರಗೆ ಹೋದರೂ ಬೆಳೆ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಆದರೆ ಮನೆ ಮಗನನ್ನು ಕೆಲಸದಿಂದ ತೆಗೆಯುವುದುಂಟೇ? ಅವನಿಗೂ ಒಂದು ರೊಟ್ಟಿ ಬೀಳುತ್ತದೆ, ಅವನ ನಿರುದ್ಯೋಗ ಯಾವ ಲೆಕ್ಕಕ್ಕೂ ಸಿಗದೆ ಉಳಿಯುತ್ತದೆ.

ಕರ್ನಾಟಕದ ಸರಾಸರಿ ಹಿಡುವಳಿ 1970-71ರಲ್ಲಿ 3.2 ಹೆಕ್ಟೇರ್ ಇತ್ತು. 2015-16ರ ಕೃಷಿ ಗಣತಿಯ ವೇಳೆಗೆ 1.36ಕ್ಕೆ ಇಳಿದಿತ್ತು. ಪ್ರತಿ ಪಾಲಿನಲ್ಲೂ ಒಂದು ಬದು ಹೆಚ್ಚಾಗಿದೆ. ಇತ್ತ ಕಳೆನಾಶಕ ಬಂದು ಹೆಂಗಸರ ಕಳೆ ಕೀಳುವ ಕೂಲಿಯೂ ಹೋಗುತ್ತಿದೆ.

ಕಾರ್ಖಾನೆಯೆಂದರೆ ಏನೆಂದು ದಾವಣಗೆರೆಗೆ ಗೊತ್ತಿಲ್ಲದಿದ್ದರೆ ಸುಮ್ಮನಿರಬಹುದಿತ್ತು. 1930ರ ದಶಕದಲ್ಲೇ ಹತ್ತಿ ಗಿರಣಿ ಕಂಡ ಊರು ಅದು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿತು. ಕೊಯಮತ್ತೂರಿಗೂ ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಎಂಬ ಬಿರುದು, ಇಲ್ಲಿಯೂ ಎಷ್ಟೋ ಗಿರಣಿಗಳು ಮುಚ್ಚಿದವು. ಆದರೆ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲೇ ಅವುಗಳ ಸುತ್ತ ಲೋಹ ಕಡೆಯುವ ಲೇತ್ ಯಂತ್ರದ ಅಂಗಡಿ, ಎರಕದ ಮನೆ, ಬಿಡಿಭಾಗ ಮಾಡುವ ಶೆಡ್ಡುಗಳು ಎದ್ದಿದ್ದವು. 1930ರ ದಶಕದಲ್ಲಿ ನೀಲಗಿರಿಯ ಪೈಕಾರ ಜಲವಿದ್ಯುತ್ತು ಗಿರಣಿಗೂ ಬಾವಿಗೂ ಬಂತು. ಬಾವಿಗೆ ಪಂಪು ಬೇಕಾಯಿತು, ಆ ಪಂಪನ್ನು ಊರವರೇ ಮಾಡಲು ಕಲಿತರು. ಹೊಲದಲ್ಲಿ ದುಡಿದ ಹಣವನ್ನು ರೈತ ಮನೆತನಗಳೇ ಶೆಡ್ಡಿಗೆ ಹಾಕಿದವು. ಪಕ್ಕದ ತಿರುಪ್ಪೂರಿನ ಬನಿಯನ್ ಕಂಪನಿಗಳ ಮಾಲೀಕರಲ್ಲಿ ಬಹಳಷ್ಟು ಮಂದಿ ಒಕ್ಕಲು ಮನೆಗಳಿಂದ ಬಂದವರು. ಕಂಪನಿ ವ್ಯಾನು ಬೆಳಿಗ್ಗೆ ಹಳ್ಳಿಗೆ ಬರುತ್ತದೆ, ಸಂಜೆ ಕರೆತಂದು ಬಿಡುತ್ತದೆ. ಹೊಲ ಮಾರಬೇಕಿಲ್ಲ, ಎಮ್ಮೆ ಮಾರಬೇಕಿಲ್ಲ.

ನಮ್ಮಲ್ಲಿ ಗಿರಣಿಗಳ ನಂತರ ಬೆಳೆದದ್ದು ಕಾಲೇಜುಗಳು. ಅವು ಬೇಕೇ ಬೇಕು, ಆ ಹೆಮ್ಮೆ ನನಗೂ ಇದೆ. ಆದರೆ ಓದಿದವರೆಲ್ಲ ಬೆಂಗಳೂರಿನ ಬಸ್ ಹತ್ತಿದರು. ಚನ್ನಗಿರಿಯ ಅಡಿಕೆ ದುಡ್ಡು ಸೈಟು, ಬಂಗಾರ, ಕಲ್ಯಾಣಮಂಟಪಗಳಲ್ಲಿ ಕೂತಿದೆ. ಸರ್ಕಾರ ದೊಡ್ಡ ಕಂಪನಿ ತರಲಿ ಎಂದು ಕಾಯುವ ಅಭ್ಯಾಸ ನಮ್ಮನ್ನು ಹಾಳುಮಾಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತಿರುಪ್ಪೂರಿನದೆಲ್ಲವನ್ನೂ ತರಬೇಕೆಂದಲ್ಲ. ಬಣ್ಣದ ನೀರು ನೊಯ್ಯಲ್ ನದಿಯನ್ನು ಕೊಂದಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣ ಹಾಕುವ ಘಟಕಗಳನ್ನು ಮುಚ್ಚಿಸಬೇಕಾಯಿತು. ಹರಿಹರದ ತುಂಗಭದ್ರೆಗೆ ಅಂಥ ಗತಿ ಬರಬಾರದು.

ಮೊದಲು ಮೆಕ್ಕೆಜೋಳದಿಂದಲೇ ಶುರುಮಾಡಬಹುದು. ಸುಗ್ಗಿಯಲ್ಲಿ ನಮ್ಮವರು ಹೆದ್ದಾರಿಯ ಅಂಚಿನಲ್ಲಿ ಕಾಳು ಹರವಿ ಒಣಗಿಸುತ್ತಾರೆ. ಮಳೆ ಬಂದರೆ ಬೂಷ್ಟು ಹಿಡಿಯುತ್ತದೆ, ದರ ಬೀಳುತ್ತದೆ. ಒಣಗಿಸುವ ಯಂತ್ರ, ಗೋದಾಮು, ಕೋಳಿ ಆಹಾರದ ಸಣ್ಣ ಗಿರಣಿ, ಇಷ್ಟನ್ನು ಹೋಬಳಿ ಮಟ್ಟದಲ್ಲಿ ರೈತರ ಸಂಘಗಳೇ ನಡೆಸಬಲ್ಲವು. ಹತ್ತು ಮನೆಯ ಅಡಿಕೆ ಹಣ ಕೂಡಿದರೆ ಬಂಡವಾಳದ ಮೊದಲ ಪಾಲು ಹುಟ್ಟುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಇಂಥ ಸಣ್ಣ ಬಂಡವಾಳದಲ್ಲೇ ಎಷ್ಟೋ ಮನೆಗಳನ್ನು ಸಾಕಿಲ್ಲವೇ?

ಯಂತ್ರ ರಿಪೇರಿಗೂ ಜನ ಬೇಕು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿತ್ತು. ಕಾರ್ಖಾನೆ ಮುಚ್ಚಿದೆ, ಅಲ್ಲಿ ಕೈ ಪಳಗಿಸಿಕೊಂಡವರು ಈಗ ವಯಸ್ಸಾಗಿ ಮನೆಯಲ್ಲಿದ್ದಾರೆ. ಜಗಳೂರು, ಹರಪನಹಳ್ಳಿ ಕಡೆಯ ಐಟಿಐ ಹುಡುಗರನ್ನು ವರ್ಷಕ್ಕೆ ಒಂದು ತಂಡವಾದರೂ ಅವರ ಬಳಿ ಕೂರಿಸಬೇಕು. ಇದನ್ನು ಈ ವರ್ಷವೇ ಶುರುಮಾಡಬೇಕು. ಆ ತಲೆಮಾರಿನವರು ನಮಗಾಗಿ ಇನ್ನು ಹೆಚ್ಚು ಕಾಲ ಕಾಯಲಾರರು.