ಮೊದಲ ಸಲ ಬರ್ತಿದ್ದೀರಾ?

ಈ ಶುಕ್ರವಾರವೂ ಕೇಳಿದರು. "ಮೊದಲ ಸಲ ಬರ್ತಿದ್ದೀರಾ?"

ಹೂಂ ಅನ್ನೋದಾ, ಉಹೂಂ ಅನ್ನೋದಾ? ಉಹೂಂ ಅಂದರೆ "ಅಯ್ಯೋ, ಹಾಗಾದರೆ ಮತ್ತೆ ಬಂದಿರಲ್ಲ, ಎಷ್ಟು ಸಂತೋಷ!" ಅಂತ ಸ್ವಾಗತ ಇನ್ನಷ್ಟು ಉದ್ದವಾಗುತ್ತದೆ. ಹೂಂ ಅಂದುಬಿಟ್ಟರೆ ಬೇಗ ಮುಗಿಯುತ್ತದೆ. ದೇವರ ಮನೆ ಬಾಗಿಲಲ್ಲಿ ನಿಂತು ಸುಳ್ಳು ಹೇಳೋ ಗತಿ ನನಗೆ.

ವಿಷಯ ಇಷ್ಟೇ. ನನ್ನ ಸೊಸೆ ಯಹೂದಿ. ಇಲ್ಲಿ ನ್ಯೂಜೆರ್ಸಿಯ ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಮೊಮ್ಮಗಳು ಶುಕ್ರವಾರ ಸಂಜೆ ಹಾಡೋಕೆ ಹೋಗುತ್ತಾಳೆ. ಆರು ತಿಂಗಳಿಗೆ ಅಂತ ಬಂದು ಮಗನ ಮನೆಯಲ್ಲಿ ಕೂತ ಅಜ್ಜಿಯರಿಗೆ ಸಂಜೆ ಅನ್ನೋದು ಎಷ್ಟು ಉದ್ದ ಅಂತ ಬಂದು ಹೋದವರಿಗೆಲ್ಲ ಗೊತ್ತು. ಒಲೆ ಒರೆಸಿ, ಡಿಶ್‌ವಾಷರ್‌ನಲ್ಲಿ ಮಗ ಜೋಡಿಸಿಟ್ಟಿದ್ದನ್ನು ತೆಗೆದು ಸರಿಯಾಗಿ ಜೋಡಿಸಿ, ಕಿಟಕಿಯಿಂದ ಅಳಿಲು ನೋಡಿದರೂ ಇನ್ನೂ ಐದು ಗಂಟೆಯೇ ಆಗಿರುತ್ತದೆ. ಅದಕ್ಕೇ ನಾನೂ ಸೀರೆ ಉಟ್ಟು ಕಾರು ಹತ್ತುತ್ತೇನೆ. ಹೊರಡೋ ಮುಂಚೆ ಸೊಸೆ ಎರಡು ಮೇಣದಬತ್ತಿ ಹಚ್ಚಿ, ಕಣ್ಣು ಮುಚ್ಚಿಕೊಂಡು ಮಂತ್ರ ಹೇಳುತ್ತಾಳೆ. ಶುಕ್ರವಾರ ಮುಸ್ಸಂಜೆ ದೀಪ ಹಚ್ಚೋದು ಅಂದರೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಶಾಸ್ತ್ರದಲ್ಲಿ ಅದಕ್ಕೆ ಲೆಕ್ಕವೂ ಇದೆ, ಸೂರ್ಯ ಮುಳುಗೋಕೆ 18 ನಿಮಿಷ ಮುಂಚೆ.

ಇವರದು ರಿಫಾರ್ಮ್ ಪಂಥ. ಗಂಡಸರು ಹೆಂಗಸರು ಒಟ್ಟಿಗೇ ಕೂರುತ್ತಾರೆ, ಗಿಟಾರ್ ಬಾರಿಸುತ್ತಾರೆ, ರಬ್ಬಿಯೇ, ಅಂದರೆ ಅವರ ಗುರುಗಳೇ, ಹೆಂಗಸು. ಈ ಪಂಥದಲ್ಲಿ ಹೆಂಗಸರು 1972ರಿಂದಲೇ ರಬ್ಬಿಗಳಾಗಿದ್ದಾರಂತೆ. ಬಂದವರನ್ನೆಲ್ಲ ಬರಮಾಡಿಕೊಳ್ಳೋದು ಇವರ ದೊಡ್ಡ ಹೆಮ್ಮೆ. ಆ ಹೆಮ್ಮೆಯ ಪೂರ್ತಿ ಗುತ್ತಿಗೆ ಹಿಡಿದಿರೋರು ಬಾಗಿಲಲ್ಲಿ ನಿಲ್ಲೋ ಒಬ್ಬ ಹಿರಿಯರು. ನಾನಿಟ್ಟ ಹೆಸರು ಸ್ವಾಗತದ ತಾತ.

ತಾತನ ಸ್ವಾಗತಕ್ಕೆ ಮೂರು ಘಟ್ಟ. ಮೊದಲು ಆ ಪ್ರಶ್ನೆ. ಆಮೇಲೆ ಪುಸ್ತಕ. ಪ್ರಾರ್ಥನೆ ಪುಸ್ತಕವನ್ನು ನನ್ನ ಕೈಗಿಟ್ಟು, ನಾನು ಸರಿಯಾಗಿಯೇ ಹಿಡಿದಿದ್ದರೂ ಒಂದು ಸಲ ಕಿತ್ತುಕೊಂಡು ತಿರುಗಿಸಿ, "ಇದನ್ನು ಬಲಗಡೆಯಿಂದ ತೆರೀಬೇಕು" ಅನ್ನುತ್ತಾರೆ. ತಿರುಗಿಸಿದ ಮೇಲೆ ಅದು ತಲೆಕೆಳಗಾಗಿರುತ್ತದೆ. ಇನ್ನೊಂದು ಸಲ ತಿರುಗಿಸುತ್ತಾರೆ. ಮೂರನೆಯದು ಸ್ಟಿಕರ್.

"ಹೆಸರು?"

"ವಿಶಾಲಾಕ್ಷಿ."

ಪೆನ್ನು ಗಾಳಿಯಲ್ಲೇ ನಿಲ್ಲುತ್ತದೆ. ಶುರುವಿನಲ್ಲಿ "ವಿಶ್" ಅಂತ ಬರೆದರು. ಒಂದು ವಾರ "ವೈಶಾಲಿ" ಆದೆ. ಈಚೆಗೆ "ವೀಸಾ"ಕ್ಕೆ ಬಂದು ನಿಂತಿದೆ. ಅದಕ್ಕೋಸ್ಕರ ನಾನು ಮೈಸೂರಿಂದ ಚೆನ್ನೈಗೆ ರಾತ್ರಿ ರೈಲು ಹತ್ತಿ, ಫೈಲು ಎದೆಗೊತ್ತಿಕೊಂಡು ಸಾಲಲ್ಲಿ ನಿಂತಿದ್ದೆ. ಇಲ್ಲಿ ಪ್ರತಿ ವಾರ ಪುಕ್ಕಟೆ ಅಂಟಿಸಿ ಕಳಿಸುತ್ತಾರೆ.

ವಯಸ್ಸಾಯಿತು, ಮರೆವು ಅಂತ ಸುಮ್ಮನಿರೋಣ ಅಂದರೆ, 1969ರಲ್ಲಿ ಮೆಟ್ಸ್ ತಂಡ ಬೇಸ್‌ಬಾಲ್ ಚಾಂಪಿಯನ್ ಆದ ಕಥೆಯನ್ನು ಇವತ್ತು ಬೆಳಿಗ್ಗೆ ನೋಡಿ ಬಂದವರ ಹಾಗೆ ಹೇಳುತ್ತಾರೆ. ನಾನು ಮಾತ್ರ ನೆನಪಿನಲ್ಲಿ ನಿಲ್ಲೋದಿಲ್ಲ. ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಗೇಟಿನಲ್ಲಿ ಒಬ್ಬ ಸೆಕ್ಯುರಿಟಿಯವನಿದ್ದಾನೆ. ಬಂದವರನ್ನೆಲ್ಲ ಅನುಮಾನದಿಂದ ನೋಡೋಕೇ ಅವನಿಗೆ ಸಂಬಳ. ಅವನು ಎರಡನೇ ವಾರದಿಂದಲೇ ನನ್ನ ಗುರುತು ಹಿಡಿದು "ಗುಡ್ ಈವ್ನಿಂಗ್ ಮ್ಯಾಮ್" ಅಂದು ಒಳಗೆ ಬಿಡುತ್ತಾನೆ.

ಪೂಜೆಯೊಳಗೆ 'ಲೆಖಾ ದೋದಿ' ಅಂತ ಒಂದು ಹಾಡಿದೆ. ಸಬ್ಬತ್ತನ್ನು, ಅಂದರೆ ಶುಕ್ರವಾರ ಸಂಜೆ ಶುರುವಾಗೋ ಅವರ ವಾರದ ವಿಶ್ರಾಂತಿ ದಿನವನ್ನು, ಮದುವಣಗಿತ್ತಿ ಅಂತ ಬರಮಾಡಿಕೊಳ್ಳೋ ಹಾಡು. ಬರೆದವರು ಸಫೇದ್ ಊರಿನ ಶ್ಲೋಮೋ ಅಲ್ಕಬೆಟ್ಜ್, ಹದಿನಾರನೇ ಶತಮಾನದವರು, ಹೆಚ್ಚುಕಡಿಮೆ ನಮ್ಮ ಪುರಂದರದಾಸರ ಕಾಲ. ನುಡಿಗಳ ಮೊದಲಕ್ಷರ ಸೇರಿಸಿಕೊಂಡು ಹೋದರೆ ಅವರ ಹೆಸರು ಬರುತ್ತದೆ. ಅಂಕಿತ ಹಾಕೋ ಚಪಲ ಎಲ್ಲ ಕಡೆಯೂ ಇದೆ ನೋಡಿ. ಕೊನೇ ನುಡಿಗೆ ಎಲ್ಲರೂ ಎದ್ದು, ಹಿಂದಿರುಗಿ, ಬಾಗಿಲ ಕಡೆಗೆ ತಲೆಬಾಗಬೇಕು. ಮದುವಣಗಿತ್ತಿ ಅಲ್ಲಿಂದ ಬರುತ್ತಾಳೆ.

ಬಾಗಿಲಲ್ಲಿ ಯಾರಿರುತ್ತಾರೆ? ತಾತ. ತಡವಾಗಿ ಬಂದವರಿಗೆ ಅಂತ ಸ್ಟಿಕರ್ ಹಾಳೆ ಹಿಡಿದು ಅಲ್ಲೇ ನಿಂತಿರುತ್ತಾರೆ. ಅಷ್ಟೂ ಜನ ಭಕ್ತಿಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿದರೆ, ಇವರು ತಮಗೇ ಅಂದುಕೊಂಡವರಂತೆ ಕೈ ಬೀಸುತ್ತಾರೆ! ಹೊಸಬರು ಅಂತ ನನ್ನನ್ನು ಯಾವಾಗಲೂ ಮೊದಲ ಸಾಲಲ್ಲೇ ಕೂರಿಸಿರುತ್ತಾರೆ. ತಿರುಗಿದಾಗ ನಾನೇ ಕೊನೆಯವಳು, ನಗೋದನ್ನು ಯಾರೂ ನೋಡೋದಿಲ್ಲ. ಅದೊಂದು ಅನುಕೂಲ.

ಒಂದು ಸಲ ಸೊಸೆ ಹತ್ತಿರ ರೇಗಿದೆ, ಬರೋರನ್ನೆಲ್ಲ ಹೀಗೆ ಮೈಮೇಲೆ ಬಿದ್ದು ಸ್ವಾಗತ ಮಾಡಬೇಕಾ ಅಂತ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು. 2022ರ ಜನವರಿಯಲ್ಲಿ, ಟೆಕ್ಸಾಸ್‌ನ ಕಾಲಿವಿಲ್‌ನಲ್ಲಿ, ಚಳಿಯಲ್ಲಿ ಬಾಗಿಲು ತಟ್ಟಿದ ಅಪರಿಚಿತನೊಬ್ಬನನ್ನು ರಬ್ಬಿ ಒಳಗೆ ಕರೆದು ಚಹಾ ಮಾಡಿಕೊಟ್ಟರಂತೆ. ಪೂಜೆಯ ನಡುವೆ ಅವನೇ ಪಿಸ್ತೂಲು ತೆಗೆದು, ಅವರನ್ನೂ ಇನ್ನು ಮೂವರನ್ನೂ ಗಂಟೆಗಟ್ಟಲೆ ಒತ್ತೆ ಇಟ್ಟುಕೊಂಡ. ನಾಲ್ವರೂ ಬದುಕಿ ಬಂದರು. "ಅದಕ್ಕೇ ಅಮ್ಮಾ, ಗೇಟಲ್ಲಿ ಅವನೂ ಇದ್ದಾನೆ, ಬಾಗಿಲಲ್ಲಿ ಇವರೂ ಇದ್ದಾರೆ." ನಾನು ಆ ವಾರ ಸ್ಟಿಕರನ್ನು ಮನೆಗೆ ಬರೋವರೆಗೂ ಕೀಳಲಿಲ್ಲ.

ಪೂಜೆಯ ಕೊನೆಗೆ ಸತ್ತವರ ಹೆಸರು ಓದುತ್ತಾರೆ. ಅವರ ತಿಂಗಳೂ ಚಂದ್ರನದೇ, ಅಧಿಕ ಮಾಸವೂ ಉಂಟು, 19 ವರ್ಷಕ್ಕೆ 7 ಸಲ. ಹಾಗಾಗಿ ಪುಣ್ಯತಿಥಿ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬರೋದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಯಜಮಾನರ ತಿಥಿಯ ವಾರ ಸೊಸೆ ಅವರ ಹೆಸರನ್ನೂ ಪಟ್ಟಿಗೆ ಸೇರಿಸಿದ್ದಳು. ಆವತ್ತು ಓದಿದವರು ತಾತ. "ಲಕ್ಷ್ಮೀನರಸಿಂಹಯ್ಯ" ಅಂದರು. ಒಂದು ಒತ್ತು ತಪ್ಪಲಿಲ್ಲ, ಒಂದು ದೀರ್ಘ ಕಡಿಮೆಯಾಗಲಿಲ್ಲ. ಹಿಂದಿನ ದಿನ ಮಗನಿಗೆ ಫೋನ್ ಮಾಡಿ, ಮತ್ತೆ ಮತ್ತೆ ಹೇಳಿಸಿಕೊಂಡು ಕಲಿತಿದ್ದರಂತೆ. ಸತ್ತವರ ನೆನಪಿನ ಪ್ರಾರ್ಥನೆ ಕಡಿಶ್ ಹೇಳೋಕೆ ಎದ್ದು ನಿಂತೆ. ಅದರಲ್ಲಿ ಸಾವಿನ ಮಾತೇ ಇಲ್ಲ, ಪೂರ್ತಿ ದೇವರ ಸ್ತುತಿ. ಆ ಹೆಸರನ್ನು ಅಷ್ಟು ಪೂರ್ತಿಯಾಗಿ ಯಾರಾದರೂ ಕೂಗಿ ಎಷ್ಟು ದಿನವಾಗಿತ್ತು. ಊರಲ್ಲಿ ಎಲ್ಲರೂ "ಲಚ್ಚಣ್ಣ" ಅಂತ ಮುಗಿಸಿಬಿಡುತ್ತಿದ್ದರು.

ಕಡಿಶ್ ಆದಮೇಲೆ ಪ್ರಕಟಣೆಗಳು. ಪಾರ್ಕಿಂಗ್, ಬಡವರಿಗೆ ಡಬ್ಬಿ ಆಹಾರ, ಯಾರೋ ಬಿಟ್ಟು ಹೋದ ಕೊಡೆ. ಸನ್ಮಾನ ಸಮಾರಂಭದ ವಂದನಾರ್ಪಣೆ ಕೇಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಆಮೇಲೆ ತಿಂಡಿ. ಜಡೆ ಹೆಣೆದ ಹಲ್ಲಾ ಬ್ರೆಡ್ಡು, ಉದ್ಧರಣೆಯಲ್ಲಿ ಕೊಟ್ಟಷ್ಟು ದ್ರಾಕ್ಷಿ ರಸ. ಮಾಂಸ, ಹಾಲು ಬೆರೆಸಬಾರದು ಅನ್ನೋ ನಿಯಮದಿಂದ ಇಲ್ಲಿನ ಮೇಜಿನ ಮೇಲೆ ಮಾಂಸವೇ ಬರೋದಿಲ್ಲ, ನನಗೆ ನಿಶ್ಚಿಂತೆ. ನಾನೂ ಬರಿಗೈಯಲ್ಲಿ ಹೋಗೋಳಲ್ಲ, ಪ್ರತಿ ವಾರ ಒಂದು ಡಬ್ಬ ಕೋಡುಬಳೆ. ಈ ಸಲ ತಟ್ಟೆ ಹಿಡಿದು ನಿಂತಿದ್ದೆ. ತಾತ ಬಂದರು, ಭುಜ ಮುಟ್ಟಿದರು.

"ಹೊಸಬರಲ್ವಾ, ಸಂಕೋಚ ಮಾಡ್ಕೋಬೇಡಿ. ಇದನ್ನ ತಿಂದು ನೋಡಿ. ಇಂಡಿಯಾದ್ದು. ಒಬ್ಬರು ಲೇಡಿ ಪ್ರತಿ ವಾರ ಮಾಡ್ಕೊಂಡು ಬರ್ತಾರೆ, ತುಂಬಾ ಒಳ್ಳೆಯವರು. ಸ್ವಲ್ಪ ಖಾರ, ಹುಷಾರು. ಹೀಗೆ ಮುರಿದುಕೊಂಡು ತಿನ್ನಬೇಕು."

ಮುರಿದು ತೋರಿಸಿದರು. ಅರ್ಧ ನನ್ನ ತಟ್ಟೆಗೆ ಹಾಕಿದರು. ನಾನು ತಿನ್ನೋವರೆಗೂ ಮುಖವನ್ನೇ ನೋಡುತ್ತಾ ನಿಂತರು.

"ಹೇಗಿದೆ?"

"ಉಪ್ಪು ಒಂಚೂರು ಕಮ್ಮಿ" ಅಂದೆ.

ತಾತನ ಮುಖ ಗಂಟಾಯಿತು. "ಹಾಗನ್ನಬೇಡಿ, ಪಾಪ, ಬೇಜಾರು ಮಾಡ್ಕೋತಾರೆ" ಅಂದು, ನನಗೆ ಬೆನ್ನು ಹಾಕಿ ಬೇರೆ ಹೊಸಬರನ್ನು ಹುಡುಕಿಕೊಂಡು ಹೋದರು.