ಹಿಂದುಮುಂದಾಗಿ ಬರುವ ನೆನಪು

ನೆನಪನ್ನೇ ವಸ್ತುವಾಗಿಸಿಕೊಂಡ ಚಲನಚಿತ್ರಗಳಲ್ಲಿ, ಕಥೆಯನ್ನು ಹಿಂದುಮುಂದಾಗಿ ಹೇಳುವಂಥವುಗಳ ಮೇಲೆ ನನಗೆ ಒಂದು ಕೈ ಹೆಚ್ಚೇ ಪ್ರೀತಿ. ಇಂಥ ಚಿತ್ರಗಳ ಸುಖವೆಲ್ಲ ಒಗಟು ಬಿಡಿಸುವುದರಲ್ಲಿದೆ ಎಂದು ನಂಬಿ, ಯಾವ ದೃಶ್ಯ ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಮಾಡುತ್ತ ಕೂರುವವರಿದ್ದಾರೆ. ಅವರ ಶ್ರದ್ಧೆಗೆ ನಮಸ್ಕಾರ. ನನಗೆ ರುಚಿಸುವುದು ಮಾತ್ರ ಆ ಪಟ್ಟಿ ಪೂರ್ತಿಯಾಗುವುದಕ್ಕೆ ಮೊದಲಿನ ತಡಕಾಟ.

ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ 2000ದ ‘ಮೆಮೆಂಟೊ’ ಚಿತ್ರದ ಲೆನರ್ಡ್‌ಗೆ ತಲೆಗೆ ಪೆಟ್ಟು ಬಿದ್ದಂದಿನಿಂದ ಹೊಸ ನೆನಪು ನಿಲ್ಲುವುದಿಲ್ಲ. ಪೋಲರಾಯ್ಡ್ ಫೋಟೊಗಳು ಮತ್ತು ಮೈಮೇಲಿನ ಹಚ್ಚೆಗಳೇ ಅವನ ಸ್ಮರಣಶಕ್ತಿ. ಬಣ್ಣದ ದೃಶ್ಯಗಳು ಕೊನೆಯಿಂದ ಹಿಂದಕ್ಕೆ ನಡೆದರೆ ಕಪ್ಪುಬಿಳುಪಿನವು ಮುಂದಕ್ಕೆ ನಡೆದು, ಚಿತ್ರದ ಅಂತ್ಯದಲ್ಲಿ ಎರಡೂ ಕೂಡುತ್ತವೆ. ಒಂದು ಕಡೆ ಅವನು ಏದುಸಿರು ಬಿಡುತ್ತ ಓಡುತ್ತಿದ್ದಾನೆ, ತುಸು ದೂರದಲ್ಲಿ ಇನ್ನೊಬ್ಬನೂ ಓಡುತ್ತಿದ್ದಾನೆ. ತಾನು ಅವನನ್ನು ಅಟ್ಟಿಸಿಕೊಂಡು ಹೋಗುತ್ತಿರಬೇಕೆಂದು ಲೆನರ್ಡ್ ಅತ್ತ ತಿರುಗಿದರೆ, ಅವನು ಇವನ ಮೇಲೇ ಗುಂಡು ಹಾರಿಸುತ್ತಾನೆ. ನಗು ಬರುತ್ತದೆ, ನಿಜ. ಆದರೆ ಅದಕ್ಕೆ ಮುಂಚೆ ಏನಾಯಿತೆಂಬುದನ್ನು ನಮಗೂ ಇನ್ನೂ ತೋರಿಸಿಲ್ಲವಾದ್ದರಿಂದ, ಆ ಕ್ಷಣದಲ್ಲಿ ಅವನಿಗಿಂತ ಹೆಚ್ಚೇನೂ ನಮಗೆ ಗೊತ್ತಿರುವುದಿಲ್ಲ. ಈ ಚಿತ್ರದ ಒಂದು ಡಿವಿಡಿ ಆವೃತ್ತಿಯಲ್ಲಿ ಎಲ್ಲವನ್ನೂ ಕಾಲಕ್ರಮಕ್ಕೆ ಹೊಂದಿಸಿ ನೋಡುವ ಅವಕಾಶವನ್ನು ಗುಟ್ಟಾಗಿ ಇಟ್ಟಿದ್ದರು. ಹಾಗೆ ಜೋಡಿಸಿದಾಗ ಕಥೆ ಸಲೀಸಾಗಿ ಅರ್ಥವಾಗುತ್ತದೆ, ನಾವೂ ನಾಯಕನಿಗಿಂತ ಬುದ್ಧಿವಂತರಾಗುತ್ತೇವೆ. ಅವನ ಬಗ್ಗೆ ಕನಿಕರ ಉಳಿಯುತ್ತದೆಯೇ ಹೊರತು ಅವನ ದಿಕ್ಕುತೋಚದ ಸ್ಥಿತಿಯಲ್ಲಿ ನಮ್ಮ ಪಾಲು ಉಳಿಯುವುದಿಲ್ಲ.

ಮಿಷೆಲ್ ಗಾಂಡ್ರಿ ನಿರ್ದೇಶನದ 2004ರ ‘ಎಟರ್ನಲ್ ಸನ್‌ಶೈನ್ ಆಫ್ ದಿ ಸ್ಪಾಟ್‌ಲೆಸ್ ಮೈಂಡ್’ನಲ್ಲಿ, ಬಿಟ್ಟುಹೋದ ಪ್ರೇಯಸಿಯ ನೆನಪನ್ನು ಜೋಯೆಲ್ ದುಡ್ಡು ಕೊಟ್ಟು ಅಳಿಸಿಕೊಳ್ಳಲು ಹೊರಡುತ್ತಾನೆ. ಅಳಿಸುವ ಕೆಲಸ ಹೊಸ ನೆನಪಿನಿಂದ ಹಳೆಯದರತ್ತ ಸಾಗುವುದರಿಂದ ಮೊದಲು ಜಗಳಗಳು ಹೋಗುತ್ತವೆ. ‘ಹೋಗಲಿ, ಪೀಡೆ’ ಎಂದು ನಾವೂ ಅಂದುಕೊಳ್ಳುತ್ತೇವೆ. ಅಕ್ಕರೆಯ ದಿನಗಳ ಸರದಿ ಬಂದಾಗ ಅವನು ನಿಲ್ಲಿಸಿ ಎಂದು ಅಂಗಲಾಚುತ್ತಾನೆ, ನಮ್ಮ ಮನಸ್ಸೂ ಅಷ್ಟೇ ತಡವಾಗಿ ಬದಲಾಗಿರುತ್ತದೆ. ನೇರವಾಗಿ ಹೇಳಿದ್ದರೆ ಇದು ಪ್ರೀತಿ ಹಳಸಿದ ಕಥೆಯಾಗುತ್ತಿತ್ತು. ತಿರುಗಿಸಿ ಹೇಳಿದ್ದರಿಂದ ಪ್ರೀತಿ ಮತ್ತೆ ಹುಟ್ಟುವ ಕಥೆಯಾಗಿದೆ. ನಾಯಕಿಯ ಕೂದಲು ಹಸಿರೋ, ಕೆಂಪೋ, ಕಿತ್ತಳೆಯೋ, ನೀಲಿಯೋ ಎಂಬುದೇ ಇಲ್ಲಿ ಕಾಲಸೂಚಿ. ಪುಸ್ತಕದಂಗಡಿಯ ದೃಶ್ಯದಲ್ಲಂತೂ ಅವರಿಬ್ಬರೂ ಮಾತಾಡುತ್ತಿರುವಾಗಲೇ ಹಿಂದಿನ ಕಪಾಟುಗಳಲ್ಲಿರುವ ಪುಸ್ತಕಗಳ ಹೊದಿಕೆಗಳು ಒಂದೊಂದಾಗಿ ಬೆಳ್ಳಗಾಗುತ್ತವೆ. ಮೊದಲ ಸಲ ನೋಡುವಾಗ ಮುಖಗಳ ಮೇಲೆಯೇ ಕಣ್ಣಿಟ್ಟಿರುವವರಿಗೆ ಇದು ತಪ್ಪಿಹೋಗುವುದೇ ಹೆಚ್ಚು.

ರಷ್ಯದ ನಿರ್ದೇಶಕ ತಾರ್ಕೊವ್‌ಸ್ಕಿಯ 1975ರ ‘ಮಿರರ್’ ಇವೆರಡಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಜೋಡಿಸಿದರೆ ಕೂಡಿಬರುವ ಕ್ರಮವೇ ಇಲ್ಲ. ನಿರೂಪಕನ ತಾಯಿಯ ಯೌವನವನ್ನೂ ಅವನ ಹೆಂಡತಿಯನ್ನೂ ಒಬ್ಬಳೇ ನಟಿ ಅಭಿನಯಿಸಿದ್ದಾಳೆ. ತಾಯಿಯನ್ನು ನೆನೆದಾಗಲೆಲ್ಲ ಆಕೆಗೆ ನಿನ್ನ ಮುಖವೇ ಇರುತ್ತದೆ ಎಂದು ಅವನು ಹೆಂಡತಿಗೆ ಹೇಳುತ್ತಾನೆ. ಯಾರು ಯಾರೆಂದು ತಿಳಿಯದೆ ರೇಗುವ ಪ್ರೇಕ್ಷಕನದು ತಪ್ಪೇನಲ್ಲ. ಆದರೆ ಆ ಕಲಸುಮೇಲೋಗರ ನಿರೂಪಕನ ತಲೆಯಲ್ಲಿರುವುದೇ ಎಂದು ಹೊಳೆದ ಮೇಲೆ ಸಿಟ್ಟು ತಾನಾಗಿ ಇಳಿಯುತ್ತದೆ.

ಬಡಕಲು ಕಥೆಯನ್ನು ಮರೆಮಾಚಲೆಂದೇ ದೃಶ್ಯಗಳನ್ನು ಕಲೆಸಿಬಿಡುವ ಚಿತ್ರಗಳಿಗೂ ಕೊರತೆಯಿಲ್ಲ. ಅವುಗಳಲ್ಲಿ ‘ಐದು ವರ್ಷಗಳ ಹಿಂದೆ’, ‘ಮೂರು ದಿನಗಳ ನಂತರ’ ಎಂಬ ಬರಹಗಳು ತೆರೆಯ ಮೇಲೆ ಮೂಡುತ್ತಲೇ ಇರುತ್ತವೆ. ನೆನಪು ಎಂದಾದರೂ ಹೀಗೆ ತಾರೀಖು ಹಚ್ಚಿಕೊಂಡು ಬಂದದ್ದುಂಟೆ? ಒಳ್ಳೆಯ ಚಿತ್ರ ಆ ಹೊಣೆಯನ್ನು ನೋಡುವವರಿಗೇ ಬಿಡುತ್ತದೆ. ಹಾಗೆ ಬಿಟ್ಟಾಗ, ‘ಇದು ಮೊದಲು ನಡೆದದ್ದೋ, ಆಮೇಲಿನದೋ?’ ಎಂದು ಪಕ್ಕದಲ್ಲಿ ಕೂತವರು ಪಿಸುಗುಟ್ಟುತ್ತಾರೆ. ನಾನು ಗಂಭೀರವಾಗಿ ಸುಮ್ಮನಿರುತ್ತೇನೆ; ಎಲ್ಲ ಗೊತ್ತಿದ್ದೂ ಹೇಳುತ್ತಿಲ್ಲವೆಂದು ಅವರು ಭಾವಿಸಿದರೆ ನನ್ನ ಅಭ್ಯಂತರವೇನಿಲ್ಲ.